ಕಂಪನಿಯಲ್ಲಿ ನಡವಳಿಕೆಯ ಕರಾರು: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ 10ರಿಂದ 150 ಜನ ದುಡಿಯುವ ಜಾಗಗಳಿಗೆ. ಹುಬ್ಬಳ್ಳಿ-ಧಾರವಾಡದ ಗೋಕುಲ ರಸ್ತೆ, ತಾರಿಹಾಳ, ಬೇಲೂರಿನ ವರ್ಕ್‌ಶಾಪುಗಳು, ಗದಗಿನ ಮುದ್ರಣಾಲಯಗಳು, ಬ್ಯಾಡಗಿಯ ಕೋಲ್ಡ್ ಸ್ಟೋರೇಜುಗಳು, ರಾಣೆಬೆನ್ನೂರಿನ ಬೀಜ ಕಂಪನಿಗಳು, ವಿದ್ಯಾನಗರದ ಸಣ್ಣ ಸಾಫ್ಟ್‌ವೇರ್ ಕಚೇರಿಗಳು, ಎಲ್ಲ ಕಡೆಯಿಂದ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ.

ಆಫರ್ ಲೆಟರಿನಲ್ಲಿ ಎಲ್ಲ ಬರೆದಿರುತ್ತದಲ್ಲ, ಮತ್ತೆ ಈ ಕರಾರು ಯಾಕೆ?

ಆಫರ್ ಲೆಟರು ಪಗಾರ, ಸೂಟಿ, ನೋಟಿಸ್ ಅವಧಿ ಹೇಳುತ್ತದೆ. ಮಾಲು ಕೆಟ್ಟಾಗ ಯಾರು ಯಾರಿಗೆ ಹೇಗೆ ಹೇಳಬೇಕು, ಪಾಳಿ ಬಿಟ್ಟು ಹೋಗುವವರು ಬರುವವರಿಗೆ ಏನು ತಿಳಿಸಿ ಹೋಗಬೇಕು, ರಾತ್ರಿ ಹತ್ತಕ್ಕೆ ಫೋನ್ ಮಾಡಬಹುದೋ ಇಲ್ಲವೋ, ಇದು ಅದರಲ್ಲಿ ಇರುವುದಿಲ್ಲ. ಹಾಗಂತ ಈ ವಿಷಯಗಳಿಗೆ ನಿಯಮವೇ ಇಲ್ಲ ಅಂತಲ್ಲ. ಪ್ರತಿ ಜಾಗದಲ್ಲೂ ರೂಢಿ ಇದೆ. ಹೊಸದಾಗಿ ಸೇರಿದವರು ಎರಡು ಮೂರು ತಿಂಗಳು ಬೈಸಿಕೊಂಡು ಅದನ್ನು ಕಲಿಯುತ್ತಾರೆ, ಇಲ್ಲವೇ ಕಲಿಯುವ ಮೊದಲೇ ಬಿಟ್ಟು ಹೋಗುತ್ತಾರೆ. ಇದ್ದ ರೂಢಿಯನ್ನು ಎಲ್ಲರೂ ಕೂತು ನೋಡಿ, ಒಳ್ಳೆಯದನ್ನು ಇಟ್ಟುಕೊಂಡು, ಕೆಟ್ಟದ್ದನ್ನು ತೆಗೆದು, ಒಂದು ಹಾಳೆಯಲ್ಲಿ ಬರೆದು ಒಪ್ಪಿಕೊಳ್ಳುವುದೇ ನಡವಳಿಕೆಯ ಕರಾರು. ಇದು ಕೆಲಸದ ಷರತ್ತು ಹೇಳುವ, ಕಾನೂನಿನಡಿಯ ಸ್ಥಾಯಿ ಆದೇಶಗಳ (ಸ್ಟ್ಯಾಂಡಿಂಗ್ ಆರ್ಡರ್ಸ್) ಬದಲಿಯಲ್ಲ, ನೇಮಕಾತಿ ಪತ್ರದ ಬದಲಿಯೂ ಅಲ್ಲ.

ನಾವು ಹದಿನೈದು ಜನ. ಇದೆಲ್ಲ ದೊಡ್ಡ ಕಂಪನಿಗಳ ವ್ಯವಹಾರ ಅಲ್ಲವೇ?

ಅಲ್ಲ. ದೊಡ್ಡ ಕಂಪನಿಯಲ್ಲಿ ಒಬ್ಬರ ಜೊತೆ ಸರಿಹೋಗದಿದ್ದರೆ ಬೇರೆ ವಿಭಾಗಕ್ಕೆ ಹಾಕಬಹುದು. ಹದಿನೈದು ಜನರಲ್ಲಿ ಹಾಕುವುದೆಲ್ಲಿ? ಇನ್ನು, ಸಣ್ಣವರು ಕೂಡಿ ನಿಯಮ ಬರೆದುಕೊಂಡು ಅದರಂತೆ ನಡೆಯುವುದು ನಮ್ಮ ಭಾಗಕ್ಕೆ ಹೊಸದೂ ಅಲ್ಲ. ದೇಶದ ಮೊಟ್ಟಮೊದಲ ಕೃಷಿ ಸಹಕಾರಿ ಪತ್ತಿನ ಸಂಘಗಳಲ್ಲಿ ಒಂದು 1905ರಲ್ಲಿ ಶುರುವಾದದ್ದು ಗದಗ ತಾಲೂಕಿನ ಕಣಗಿನಹಾಳದಲ್ಲಿ. ಅಂಥ ಸಂಘ ನಡೆಯುವುದೇ ಸದಸ್ಯರು ಒಪ್ಪಿಕೊಂಡ ಉಪವಿಧಿಗಳ ಮೇಲೆ.

‘ಪ್ರಾಮಾಣಿಕತೆ, ಗೌರವ, ಒಗ್ಗಟ್ಟು’ ಅಂತ ಬಾಗಿಲ ಮೇಲೆ ದೊಡ್ಡ ಬೋರ್ಡ್ ಬರೆಸಿದ್ದೇವೆ. ಸಾಲದೇ?

ಸಾಲದು. ಗೌರವ ಬೇಡ ಅನ್ನುವವರು ಯಾರೂ ಇಲ್ಲ, ಹಾಗಾಗಿ ಆ ಬೋರ್ಡಿನಿಂದ ಯಾರ ನಡವಳಿಕೆಯೂ ಬದಲಾಗುವುದಿಲ್ಲ. ಪ್ರತಿ ನಿಯಮಕ್ಕೂ ಒಂದು ಪರೀಕ್ಷೆ ಇಡಿ: ದನಿ ದಾಖಲಾಗುವ ಸಿಸಿ ಕ್ಯಾಮೆರಾದಲ್ಲಿ ಇದು ಪಾಲನೆಯಾಯಿತೋ ಇಲ್ಲವೋ ಕಾಣಿಸುತ್ತದೆಯೇ? ಕಾಣದಿದ್ದರೆ ತಿದ್ದಿ ಬರೆಯಿರಿ.

‘ಪರಸ್ಪರ ಗೌರವದಿಂದ ಇರಬೇಕು’ ಎಂಬುದನ್ನೇ ತಗೊಳ್ಳಿ. ಮೊದಲ ತಿದ್ದುಪಡಿ: ‘ಯಾರನ್ನೂ ಬೈಯಬಾರದು.’ ಇದೂ ಸರಿಯಿಲ್ಲ, ಏನು ಮಾಡಬಾರದು ಅಂತ ಮಾತ್ರ ಹೇಳುತ್ತದೆ, ಏನು ಮಾಡಬೇಕು ಅಂತ ಹೇಳುವುದಿಲ್ಲ. ಎರಡನೆಯದು: ‘ತಪ್ಪು ಆದಾಗ ಆ ವ್ಯಕ್ತಿಯನ್ನು ಪಕ್ಕಕ್ಕೆ ಕರೆದು ಹೇಳಬೇಕು, ಗಿರಾಕಿಯ ಮುಂದೆ, ಉಳಿದವರ ಮುಂದೆ ಅಲ್ಲ.’ ಈಗ ಕಾಣುತ್ತದೆ. ಆದರೆ ಪ್ರೆಸ್ ಮಷಿನ್ನಿನಲ್ಲಿ ಒಬ್ಬರ ಕೈ ಸಿಗುವಂತಿದ್ದರೆ ಪಕ್ಕಕ್ಕೆ ಕರೆಯುತ್ತ ಕೂರಲಾಗದು. ಮೂರನೆಯದು, ಕೊನೆಯದು: ‘ತಪ್ಪು ಆದಾಗ ಆ ವ್ಯಕ್ತಿಯನ್ನು ಪಕ್ಕಕ್ಕೆ ಕರೆದು, ಅದೇ ದಿನ ಹೇಳಬೇಕು. ಜೀವಕ್ಕೆ ಅಪಾಯವಿದ್ದರೆ ಮಾತ್ರ ಅಲ್ಲೇ ಕೂಗಿ ನಿಲ್ಲಿಸಬೇಕು. ಯಾರು ಕೂಗಿದರೂ ನಿಲ್ಲಿಸಬೇಕು.’ ಕೊನೆಯ ಆರು ಅಕ್ಷರದ ಆ ‘ಯಾರು ಕೂಗಿದರೂ’ ಬಿಟ್ಟರೆ, ಹೆಲ್ಪರ್ ಕೂಗಿದಾಗ ಆಪರೇಟರ್ ತಿರುಗಿಯೂ ನೋಡುವುದಿಲ್ಲ.

ಹೀಗೆಯೇ ‘ಜವಾಬ್ದಾರಿ’ ಎಂಬುದು ‘ಕೆಲಸ ಒಪ್ಪಿಕೊಂಡವರು ದಿನ ಮತ್ತು ಹೊತ್ತು ಹೇಳಬೇಕು, ಆಗುವುದಿಲ್ಲ ಅಂತ ಗೊತ್ತಾದ ಕೂಡಲೇ ತಿಳಿಸಬೇಕು’ ಅಂತ ಆಗುತ್ತದೆ. ನಮ್ಮ ಕಡೆ ಎದುರು ನಿಂತು ‘ಆಗೂದಿಲ್ರಿ’ ಅನ್ನುವುದು ಒರಟುತನ ಅನ್ನಿಸಿ ಎಲ್ಲರೂ ‘ಹೂಂ ರೀ, ಮಾಡೂಣು’ ಅಂದುಬಿಡುತ್ತಾರೆ. ಡಿಸ್ಪ್ಯಾಚ್ ದಿನ ಬಣ್ಣ ಬಯಲಾಗುತ್ತದೆ. ಆಗುವುದಿಲ್ಲ ಅಂತ ಮುಂಚೆ ಹೇಳಿದವರನ್ನು ಬೈಯುವ ಜಾಗದಲ್ಲಿ ಈ ನಿಯಮ ಒಂದು ವಾರವೂ ಬಾಳುವುದಿಲ್ಲ.

ಎಷ್ಟು ನಿಯಮ ಇರಬೇಕು?

ಆರರಿಂದ ಎಂಟು. ಒಂದೇ ಪುಟ, ದೂರದಿಂದ ಓದುವಷ್ಟು ದೊಡ್ಡ ಅಕ್ಷರ. ಇಪ್ಪತ್ತು ನಿಯಮ ಬರೆದರೆ ಜನರ ನೆನಪಲ್ಲಿ ಮೂರೋ ನಾಲ್ಕೋ ಉಳಿಯುತ್ತವೆ, ಅವು ಯಾವುವು ಎಂಬುದು ನಿಮ್ಮ ಕೈಯಲ್ಲಿ ಇರುವುದಿಲ್ಲ.

ಯಾರು ಬರೆಯಬೇಕು? ಎಷ್ಟು ದಿನ ಬೇಕು?

ಮಾಲಕರು ಒಬ್ಬರೇ ಕೂತು ಬರೆದರೆ ಒಂದು ಸಂಜೆ ಸಾಕು, ಮತ್ತು ಅದು ಗೋಡೆಯ ಮೇಲೇ ಉಳಿಯುತ್ತದೆ. ಎಲ್ಲರನ್ನೂ ಸೇರಿಸಿಕೊಂಡರೆ ನಾಲ್ಕು ವಾರ.

ಮೊದಲ ವಾರ ಕೇಳುವುದು. ಆರರಿಂದ ಎಂಟು ಜನರ ಗುಂಪು ಮಾಡಿ, ಒಂದೊಂದು ಗುಂಪಿಗೆ 45 ನಿಮಿಷ, ಕೆಲಸದ ಹೊತ್ತಿನಲ್ಲೇ. ಸಂಜೆ ಪಾಳಿ ಮುಗಿದ ಮೇಲೆ ಕೂಡ್ರಿಸಿದರೆ ಕಣ್ಣು ಗಡಿಯಾರದ ಮೇಲೆ, ಮನಸ್ಸು ಬಸ್ಸಿನ ಮೇಲೆ. ಕಾರ್ಮಿಕರ ಗುಂಪಿನಲ್ಲಿ ಅವರ ಸುಪರ್‌ವೈಸರ್ ಇರಬಾರದು. ಕೇಳುವುದು ಎರಡೇ ಪ್ರಶ್ನೆ: ಕಳೆದ ಮೂರು ತಿಂಗಳಲ್ಲಿ ಯಾವ ಸಂದರ್ಭದಲ್ಲಿ ‘ಸಾಕಪ್ಪಾ ಈ ಕೆಲಸ’ ಅನ್ನಿಸಿತು? ಯಾರ ಕೈಕೆಳಗೆ ಕೆಲಸ ಮಾಡುವುದು ಹಗುರ ಅನ್ನಿಸುತ್ತದೆ, ಅವರು ಏನು ಮಾಡುತ್ತಾರೆ? ಎರಡನೆಯ ಪ್ರಶ್ನೆಯ ಉತ್ತರದಲ್ಲೇ ನಿಮ್ಮ ಒಳ್ಳೆಯ ನಿಯಮಗಳು ಸಿಗುತ್ತವೆ.

ಉತ್ತರಗಳನ್ನು ಚೀಟಿಯಲ್ಲಿ ಬರೆಸಿ, ಬರೆಯಲು ಬಾರದವರದ್ದನ್ನು ಅವರಿಗೆ ನಂಬಿಕೆ ಇರುವವರು ಬರೆಯಲಿ. ಎರಡನೇ ವಾರ ಚೀಟಿಗಳನ್ನು ಮೇಜಿನ ಮೇಲೆ ಹರಡಿ ಗುಡ್ಡೆ ಮಾಡಿ. ಬೈಗುಳ, ಇಬ್ಬರು ಸಾಹೇಬರ ಎರಡು ಮಾತು, ತಗೊಂಡ ಸ್ಪ್ಯಾನರ್ ವಾಪಸ್ ಇಡದಿರುವುದು, ಸೂಟಿ ಕೇಳಿದರೆ ಉತ್ತರ ಬಾರದಿರುವುದು, ಹೀಗೆ ಗುಡ್ಡೆಗಳು ತಾವಾಗಿ ಆಗುತ್ತವೆ. ಕೆಲವು ಚೀಟಿ ನಡವಳಿಕೆಯದ್ದಲ್ಲ: ಪಗಾರ ತಡ, ಶೌಚಾಲಯಕ್ಕೆ ಬಾಗಿಲಿಲ್ಲ, ಕುಡಿಯುವ ನೀರು ಸರಿಯಿಲ್ಲ. ಇವನ್ನು ಬೇರೆ ತೆಗೆದಿಟ್ಟು ಮಾಲಕರು ಮೊದಲು ಇವಕ್ಕೆ ಉತ್ತರ ಕೊಡಬೇಕು. ತಿಂಗಳ ಪಗಾರ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕೆಂಬುದು ಕಾನೂನು. ನೀವು 18ಕ್ಕೆ ಕೊಡುತ್ತಿದ್ದರೆ ‘ಸಮಯಪಾಲನೆ’ಯ ನಿಯಮ ಬರೆಯುವ ಗೋಜಿಗೇ ಹೋಗಬೇಡಿ.

ಐದು ಜನರ ತಂಡ ಕರಡು ಬರೆಯಲಿ: ಮಾಲಕರ ಕಡೆಯಿಂದ ಒಬ್ಬರು, ಒಬ್ಬರು ಸುಪರ್‌ವೈಸರ್, ಇಬ್ಬರು ಕೆಲಸಗಾರರು (ಒಬ್ಬರು ಮಹಿಳೆ), ಮತ್ತು ಸೇರಿ ಆರು ತಿಂಗಳು ಆಗದ ಒಬ್ಬರು. ಹೊಸಬರು ಯಾಕೆಂದರೆ, ಹಳಬರ ಕಣ್ಣಿಗೆ ಬೀಳದ್ದು ಅವರಿಗೆ ಬೀಳುತ್ತದೆ. ಮೂರನೇ ವಾರ ಕರಡನ್ನು ಅದೇ ಗುಂಪುಗಳಿಗೆ ಗಟ್ಟಿಯಾಗಿ ಓದಿ ಹೇಳಿ. ‘ಇದು ಒಳ್ಳೆಯದೇ?’ ಅಂತ ಕೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ. ‘ಇದನ್ನು ಮೊದಲು ಮುರಿಯುವವರು ಯಾರು, ಯಾವಾಗ?’ ಅಂತ ಕೇಳಿ. ನಾಲ್ಕನೇ ವಾರ ಸಹಿ, ಮತ್ತು 90 ದಿನದ ಪ್ರಯೋಗದ ಅವಧಿ. ಮೊದಲ ಸಹಿ ಮಾಲಕರದ್ದು.

ಕರೆದು ಕೂಡ್ರಿಸಿದರೂ ಯಾರೂ ಬಾಯಿ ಬಿಡುವುದಿಲ್ಲ. ಏನು ಮಾಡುವುದು?

ಹಿಂದೆ ಬಾಯಿ ಬಿಟ್ಟವರಿಗೆ ಏನಾಯಿತು ಅಂತ ಅವರಿಗೆ ನೆನಪಿರುತ್ತದೆ. ಚೀಟಿ ಪದ್ಧತಿ ಇರುವುದೇ ಅದಕ್ಕೆ. ಎಲ್ಲರಿಗೂ ಒಂದೇ ಬಣ್ಣದ ಪೆನ್ನು, ಒಂದೇ ಅಳತೆಯ ಕಾಗದ ಕೊಡಿ. ಅಕ್ಷರದ ಗುರುತು ಹಿಡಿಯುವ ಹಾಜರಿ ಗುಮಾಸ್ತರು ಚೀಟಿ ಬಿಚ್ಚಬಾರದು. ಮತ್ತು ಚೀಟಿಯಲ್ಲಿ ಬಂದ ಒಂದು ಸಣ್ಣ ದೂರನ್ನು, ಫ್ಯಾನ್ ತಿರುಗದಿರುವುದೋ ಡಬ್ಬಿ ತೊಳೆಯಲು ನಳ ಇಲ್ಲದಿರುವುದೋ, ಆ ವಾರದಲ್ಲೇ ಸರಿಮಾಡಿ. ಮುಂದಿನ ಸಭೆಯಲ್ಲಿ ಮಾತು ತಾನಾಗಿ ಶುರುವಾಗುತ್ತದೆ.

ಮಾಲಕರೇ ನಿಯಮ ಮುರಿದರೆ?

ಎಲ್ಲ ಕರಾರುಗಳೂ ಸಾಯುವುದು ಇಲ್ಲೇ, ಆದ್ದರಿಂದ ಇದಕ್ಕೆ ಸ್ವಲ್ಪ ಉದ್ದ ಉತ್ತರ. ಒಂದು ತಿಂಗಳು ಎಲ್ಲ ಚೆನ್ನಾಗಿ ನಡೆದಿರುತ್ತದೆ. ದೊಡ್ಡ ಆರ್ಡರ್ ಒಂದು ರಿಜೆಕ್ಟ್ ಆಗಿ ಬರುತ್ತದೆ, ಸಾಹುಕಾರರು ಶೆಡ್ಡಿನ ನಡುವೆ ನಿಂತು ಫೋರ್‌ಮನ್ ಮೇಲೆ ಹರಿಹಾಯುತ್ತಾರೆ. ಆ ಐದು ನಿಮಿಷವನ್ನು ನಲವತ್ತು ಜನ ನೋಡಿರುತ್ತಾರೆ. ಮರುದಿನದಿಂದ ಫೋರ್‌ಮನ್ ಕೂಡ ಅದನ್ನೇ ಮಾಡುತ್ತಾನೆ.

ಇದಕ್ಕೆ ಮೊದಲೇ ಮೂರು ಏರ್ಪಾಡು ಬೇಕು. ಎಂಟು ನಿಯಮಗಳಲ್ಲಿ ಒಂದಾದರೂ ನೇರವಾಗಿ ಮಾಲಕರನ್ನೇ ಕಟ್ಟುವಂಥದ್ದಿರಲಿ, ಉದಾಹರಣೆಗೆ ‘ಕೆಲಸದ ಆದೇಶ ಸುಪರ್‌ವೈಸರ್ ಮೂಲಕವೇ ಬರಬೇಕು; ಮಾಲಕರಾಗಲಿ ಅವರ ಮನೆಯವರಾಗಲಿ ನೇರವಾಗಿ ಹುಡುಗರಿಗೆ ಹೇಳಿದರೆ, ಅವರು ಸುಪರ್‌ವೈಸರನ್ನು ಕೇಳಿ ಮಾಡಬಹುದು.’ ಅಪ್ಪ, ಮಗ, ಅಳಿಯ ಮೂವರೂ ಕೂರುವ ನಮ್ಮ ಭಾಗದ ಕುಟುಂಬದ ಕಂಪನಿಗಳಲ್ಲಿ ಅರ್ಧ ಜಗಳ ಹುಟ್ಟುವುದು ಈ ಮೂರು ಬಾಯಿಯಿಂದ. ಎರಡನೆಯದಾಗಿ, ಮಾಲಕರಿಗೆ ಅದೇ ದಿನ ಹೇಳುವ ಹಕ್ಕು ಒಬ್ಬರಿಗೆ ಹೆಸರಿಟ್ಟು ಕೊಡಬೇಕು: ಹಳೆಯ ಅಕೌಂಟೆಂಟ್, ಇಲ್ಲವೇ ಎಲ್ಲರೂ ಕಾಕಾ ಅನ್ನುವ ಹಿರಿಯ ಮೇಸ್ತ್ರಿ. ‘ಯಾರು ಬೇಕಾದರೂ ಹೇಳಬಹುದು’ ಅಂದರೆ ಯಾರೂ ಹೇಳುವುದಿಲ್ಲ. ಮೂರನೆಯದಾಗಿ, ತಪ್ಪೊಪ್ಪಿಗೆ ತಪ್ಪು ನಡೆದ ಜಾಗದಲ್ಲೇ ಆಗಬೇಕು. ಶೆಡ್ಡಿನಲ್ಲಿ ಬೈದು ಕ್ಯಾಬಿನ್‌ಗೆ ಕರೆದು ಚಾ ಕುಡಿಸಿದರೆ ಫೋರ್‌ಮನ್‌ಗೆ ಸಮಾಧಾನ ಆಗಬಹುದು, ನೋಡಿದ ನಲವತ್ತು ಜನಕ್ಕೆ ಅದು ಗೊತ್ತಾಗುವುದಿಲ್ಲ. ಅದೇ ಶೆಡ್ಡಿನಲ್ಲಿ, ‘ನಿನ್ನೆ ನಾ ಎಲ್ಲಾರ ಮುಂದ ಹಂಗ ಮಾತಾಡಬಾರದಿತ್ತು, ತಪ್ಪಾತು’ ಅಂದರೆ ಸಾಕು. ಕಾರಣ ವಿವರಿಸಲು ಹೋಗಬೇಡಿ. ಕಾರಣ ಸೇರಿದರೆ ಅದು ಮತ್ತೆ ಬೈಗುಳವೇ ಆಗುತ್ತದೆ.

ಒಬ್ಬ ಸುಪರ್‌ವೈಸರ್ ಬಾಯಿ ಕೆಟ್ಟದ್ದು, ಆದರೆ ಅವನ ಪಾಳಿಯಲ್ಲೇ ಹೆಚ್ಚು ಮಾಲು ಬರುತ್ತದೆ. ಬಿಡಲೂ ಆಗದು, ಇಟ್ಟುಕೊಳ್ಳಲೂ ಆಗದು.

ಲೆಕ್ಕ ಪೂರ್ತಿ ಹಾಕಿ. ಅವನ ಪಾಳಿಯ ಉತ್ಪಾದನೆಯ ಪಕ್ಕದಲ್ಲಿ ಅವನ ಪಾಳಿಯ ರಿಜೆಕ್ಷನ್, ಗೈರುಹಾಜರಿ, ಒಂದು ವರ್ಷದಲ್ಲಿ ಅವನ ಕೈಕೆಳಗಿಂದ ಬಿಟ್ಟು ಹೋದವರು, ಪಾಳಿ ಬದಲಿಸಿ ಅಂತ ಕೇಳಿದವರು, ಇಷ್ಟನ್ನೂ ಬರೆಯಿರಿ. ಬೈಸಿಕೊಳ್ಳುವ ಹೆದರಿಕೆಗೆ ಜನ ಕೆಟ್ಟ ಮಾಲನ್ನು ಮುಚ್ಚಿಟ್ಟು ಮುಂದಿನ ಪಾಳಿಗೆ ದಾಟಿಸುವುದು ಸಾಮಾನ್ಯ. ಲೆಕ್ಕ ಅವನ ಮುಂದಿಟ್ಟು, ಒಂದೇ ಒಂದು ನಡವಳಿಕೆ ಹಿಡಿದು, 60 ದಿನದ ಗಡುವು ಕೊಡಿ. ‘ಸ್ವಭಾವ ಬದಲಿಸಿಕೋ’ ಅಂದರೆ ಅವನಿಗೆ ಏನು ಮಾಡಬೇಕೆಂದೇ ತಿಳಿಯುವುದಿಲ್ಲ; ‘ತಾಯಿ-ತಂಗಿ ಎತ್ತಿ ಬೈಯುವುದು ಇವತ್ತಿಗೆ ನಿಲ್ಲಬೇಕು’ ಅಂದರೆ ತಿಳಿಯುತ್ತದೆ. ಗಡುವು ಮುಗಿದ ಮೇಲೂ ನಿಲ್ಲದಿದ್ದರೆ, ಜನರ ಉಸ್ತುವಾರಿ ತೆಗೆದು ಮಷಿನ್ ಸೆಟ್ಟಿಂಗಿನ ಕೆಲಸ ಕೊಡಿ. ಕೈಗುಣ ಚೆನ್ನಾಗಿದ್ದವರೆಲ್ಲ ಜನರನ್ನು ನಡೆಸಬಲ್ಲರು ಅಂತೇನಿಲ್ಲ.

ತಡವಾಗಿ ಬಂದವರಿಗೆ 100 ರೂಪಾಯಿ ದಂಡ ಹಾಕಬಹುದೇ?

ಮನಸ್ಸಿಗೆ ಬಂದಂತೆ ಹಾಕುವಂತಿಲ್ಲ. ಹಿಂದಿದ್ದ 1936ರ ವೇತನ ಪಾವತಿ ಕಾಯ್ದೆ ಹೇಳುತ್ತಿದ್ದುದನ್ನೇ ಅದರ ಬದಲಿಗೆ ಈಗ ಜಾರಿಯಲ್ಲಿರುವ 2019ರ ವೇತನ ಸಂಹಿತೆಯೂ ಹೇಳುತ್ತದೆ: ಯಾವ ತಪ್ಪಿಗೆ ದಂಡ ಎಂಬ ಪಟ್ಟಿಗೆ ಮೊದಲೇ ಸರ್ಕಾರದ ಇಲ್ಲವೇ ಅದು ಗೊತ್ತುಮಾಡಿದ ಅಧಿಕಾರಿಯ ಒಪ್ಪಿಗೆ ಪಡೆದು ನೋಟಿಸ್ ಹಚ್ಚಿರಬೇಕು, ನೌಕರರಿಗೆ ತಮ್ಮ ಮಾತು ಹೇಳಲು ಅವಕಾಶ ಕೊಡಬೇಕು, ದಂಡದ ಒಟ್ಟು ಮೊತ್ತ ಆ ಪಗಾರದ ಅವಧಿಯ ಪಗಾರದ 3 ಪ್ರತಿಶತ ದಾಟಬಾರದು, ಕಂತಿನಲ್ಲಿ ವಸೂಲಿ ಮಾಡಬಾರದು, 90 ದಿನ ಕಳೆದ ಮೇಲೆ ವಸೂಲಿ ಮಾಡಬಾರದು.

ದಂಡ ಬೇರೆ, ಗೈರಾದ ಹೊತ್ತಿನ ಪಗಾರ ಕಡಿತ ಬೇರೆ. ಕಡಿತ ಗೈರಾದ ಹೊತ್ತಿಗೆ ತಕ್ಕಷ್ಟೇ ಇರಬೇಕು. ತಿಂಗಳಿಗೆ 15,600 ರೂಪಾಯಿ, 26 ದಿನ, ದಿನಕ್ಕೆ 8 ತಾಸು ಅಂದರೆ ತಾಸಿಗೆ 75 ರೂಪಾಯಿ. ಹತ್ತು ಹತ್ತು ನಿಮಿಷ ಮೂರು ಸಲ ತಡವಾದರೆ ಅರ್ಧ ತಾಸು, 37 ರೂಪಾಯಿ 50 ಪೈಸೆ. ‘ಮೂರು ಲೇಟಿಗೆ ಅರ್ಧ ದಿನ ಕಟ್’ ಅಂತ 300 ರೂಪಾಯಿ ಹಿಡಿಯುವ ಪದ್ಧತಿ ಈ ಲೆಕ್ಕಕ್ಕೆ ಕೂಡುವುದಿಲ್ಲ.

ದಂಡದಿಂದ ಇನ್ನೊಂದು ತೊಂದರೆ: ದುಡ್ಡು ಕೊಟ್ಟ ಮೇಲೆ ತಡ ಮಾಡುವುದು ಹಕ್ಕು ಅನ್ನಿಸತೊಡಗುತ್ತದೆ. ಬದಲಿಗೆ ಹೀಗೆ ಬರೆಯಿರಿ: ‘ತಡವಾಗುತ್ತದೆ ಅಂತ ಗೊತ್ತಾದ ಕೂಡಲೇ, ಪಾಳಿ ಶುರುವಾಗುವ ಮೊದಲು, ಸುಪರ್‌ವೈಸರಿಗೆ ಫೋನ್ ಮಾಡಬೇಕು. ಬದಲಿ ಬರುವವರೆಗೆ ಹಿಂದಿನ ಪಾಳಿಯವರು ಮಷಿನ್ ಬಿಟ್ಟು ಹೋಗಬಾರದು, ಆ ಹೊತ್ತಿಗೆ ಅವರಿಗೆ ಓವರ್‌ಟೈಮ್ ಕೊಡಬೇಕು.’ ಧಾರವಾಡದಿಂದ ಚಿಗರಿ ಬಸ್ ಹಿಡಿದು ಬಂದು, ಹುಬ್ಬಳ್ಳಿಯಲ್ಲಿ ಇಳಿದು ತಾರಿಹಾಳಕ್ಕೆ ಮತ್ತೊಂದು ಗಾಡಿ ಹುಡುಕುವವರು ನಿಮ್ಮಲ್ಲಿ ಎಷ್ಟು ಜನ ಅಂತ ಮೊದಲು ಎಣಿಸಿ. ಪಾಳಿಯ ಹೊತ್ತನ್ನೇ 15 ನಿಮಿಷ ಸರಿಸಿದರೆ ತೀರುವ ಸಮಸ್ಯೆ ಇರಬಹುದು.

ರಂಗಪಂಚಮಿ, ಜಾತ್ರೆ, ಬಿತ್ತನೆ ಬಂದರೆ ಅರ್ಧ ಶೆಡ್ ಖಾಲಿ. ಇದನ್ನು ಕರಾರಿನಲ್ಲಿ ತರಬಹುದೇ?

ತರಬೇಕು. ಹುಬ್ಬಳ್ಳಿಯಲ್ಲಿ ರಂಗಪಂಚಮಿ ದಿನ ಹೊರಗೆ ಕಾಲಿಡುವುದೇ ಕಷ್ಟ, ಇನ್ನು ಕೆಲಸ ಎಲ್ಲಿಂದ? ಕುಂದಗೋಳ, ನವಲಗುಂದ, ಕಲಘಟಗಿಯಿಂದ ಬರುವವರಿಗೆ ಹೊಲವಿದೆ. ಮಳೆ ಬಿದ್ದರೆ ಬಿತ್ತನೆ ನಿಲ್ಲುವುದಿಲ್ಲ. ವರ್ಷದ ಆರಂಭದಲ್ಲೇ ಕ್ಯಾಲೆಂಡರ್ ಮುಂದಿಟ್ಟುಕೊಂಡು, ಸಾರ್ವಜನಿಕ ಸೂಟಿಯಲ್ಲಿ ಇರದಿದ್ದರೂ ಜನ ಹೇಗಿದ್ದರೂ ಬಾರದ ದಿನಗಳನ್ನು ಗುರುತಿಸಿ, ಯಾವ ಭಾನುವಾರ ಬದಲಿ ಕೆಲಸ ಅಂತ ಬರೆದುಬಿಡಿ. ಬಿತ್ತನೆಗೆ ತಾರೀಖು ಹೇಳಲಾಗದು, ಆದರೆ ‘ಒಂದು ಪಾಳಿಯಿಂದ ಒಮ್ಮೆಗೆ ಮೂವರಿಗಿಂತ ಹೆಚ್ಚು ಜನ ಹೋಗಬಾರದು, ಯಾರು ಮೊದಲು ಅಂತ ಅವರವರೇ ತೀರ್ಮಾನಿಸಿ ಎರಡು ದಿನ ಮೊದಲು ಹೇಳಬೇಕು’ ಅಂತ ಬರೆಯಬಹುದು. ಅಜ್ಜಿ ತೀರಿಕೊಂಡ ಸುದ್ದಿಗಳು ಆಗ ಕಡಿಮೆಯಾಗುತ್ತವೆ.

‘ನೀ’, ‘ಲೇ’ ಅನ್ನುವುದನ್ನು ನಿಲ್ಲಿಸಬೇಕೇ?

‘ನೀ’ ನಿಲ್ಲಿಸಲು ಹೋಗಬೇಡಿ. ಜೊತೆಯಲ್ಲಿ ಉಣ್ಣುವವರು ಹಾಗೇ ಮಾತಾಡುತ್ತಾರೆ. ‘ಲೇ’ ಕೆಲಸದ ಹೊತ್ತಿನಲ್ಲಿ ಬೇಡ ಅಂತ ಹೆಚ್ಚಿನ ಕಡೆ ಜನ ತಾವೇ ಬರೆಸುತ್ತಾರೆ. ಮೇಲಿನವರು ‘ಲೇ’ ಅಂದಾಗ ಕೆಳಗಿನವರು ‘ರೀ’ ಅನ್ನಲೇಬೇಕಾದ ಜಾಗದಲ್ಲಿ ಅದು ಸಲುಗೆಯಲ್ಲ.

ಜಾತಿಯ ವಿಷಯ ಬರೆಯಬೇಕೇ? ನಮ್ಮಲ್ಲಿ ಅಂಥದ್ದೇನೂ ಇಲ್ಲ.

ಊಟದ ಹೊತ್ತಿಗೆ ಹೋಗಿ ನೋಡಿ: ಡಬ್ಬಿ ಬಿಚ್ಚುವಾಗ ಯಾರು ಎಲ್ಲಿ ಕೂರುತ್ತಾರೆ, ಸ್ವಚ್ಛತೆ ಮಾಡುವವರಿಗೆ ಚಾ ಯಾವ ಕಪ್ಪಿನಲ್ಲಿ ಬರುತ್ತದೆ, ಆ ಕಪ್ಪನ್ನು ಯಾರು ತೊಳೆಯುತ್ತಾರೆ. ಸಂದರ್ಶನಕ್ಕೆ ಬಂದವರಿಗೆ ‘ನೀವು ಯಾ ಪೈಕಿ ರೀ?’ ಅಂತ ಸಹಜವೆಂಬಂತೆ ಕೇಳುವುದೂ ಇದರಲ್ಲೇ ಬಂತು. ಮೂರು ವಾಕ್ಯ ಸಾಕು: ಸಂದರ್ಶನದಲ್ಲಾಗಲಿ ಆಮೇಲಾಗಲಿ ಯಾರೂ ಯಾರ ಜಾತಿ ಕೇಳುವುದಿಲ್ಲ, ಕಪ್ಪು, ತಾಟು ಎಲ್ಲರಿಗೂ ಒಂದೇ ಕಪಾಟಿನಿಂದ, ಕುಡಿದವರೇ ತೊಳೆಯಬೇಕು. ಪರಿಶಿಷ್ಟ ಜಾತಿ, ಪಂಗಡದವರನ್ನು ನಾಲ್ಕು ಜನರ ಕಣ್ಣೆದುರು ಜಾತಿ ಹಿಡಿದು ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಅಂಥ ದೂರನ್ನು ‘ನಮ್ಮ ನಮ್ಮಲ್ಲೇ ಮುಗಿಸೋಣ’ ಅಂತ ಒತ್ತಾಯಿಸಬಾರದು.

ವಾಟ್ಸಾಪ್ ಗ್ರೂಪಿಗೂ ನಿಯಮ ಬೇಕೇ?

ಬೇಕು, ಇವತ್ತು ಅರ್ಧ ಕಂಪನಿ ನಡೆಯುವುದು ಅದರಲ್ಲೇ. ಕೆಟ್ಟ ಮಾಲಿನ ಫೋಟೋ ಹಾಕಬಹುದು, ಅದನ್ನು ಮಾಡಿದವರ ಹೆಸರು ಹಾಕಬಾರದು. ರಾತ್ರಿ 8ರಿಂದ ಬೆಳಿಗ್ಗೆ 7ರವರೆಗೆ ಬಂದ ಮೆಸೇಜಿಗೆ ಉತ್ತರ ಕೊಡಲೇಬೇಕೆಂದಿಲ್ಲ. ತುರ್ತಾಗಿದ್ದರೆ ಫೋನ್ ಮಾಡಬೇಕು, ತುರ್ತು ಅಂದರೆ ಮಷಿನ್ ನಿಂತದ್ದು, ಬೆಂಕಿ, ಅಪಘಾತ, ಅಷ್ಟೇ. ಅಮೆರಿಕದ ಗಿರಾಕಿಗಳ ಜೊತೆ ರಾತ್ರಿ ಮಾತಾಡುವ ಸಾಫ್ಟ್‌ವೇರ್ ಕಚೇರಿಗಳು ಯಾರ ಪಾಳಿ ಎಂದು ವಾರದ ಮೊದಲೇ ಬರೆದುಕೊಳ್ಳಲಿ. ರಾಜಕೀಯ, ಧರ್ಮದ ಫಾರ್ವರ್ಡ್ ಬೇಡ. ಶುಭೋದಯದ ಹೂವುಗಳನ್ನು ತಡೆಯುವ ಶಕ್ತಿ ಯಾವ ಕರಾರಿಗೂ ಇಲ್ಲ. ಅದಕ್ಕೆ ಬೇರೆ ಗ್ರೂಪ್ ಮಾಡಿಕೊಡಿ.

ಮಹಿಳಾ ನೌಕರರ ದೂರುಗಳನ್ನೂ ಈ ಕರಾರಿನಲ್ಲೇ ನೋಡಿಕೊಳ್ಳಬಹುದೇ?

ಲೈಂಗಿಕ ಕಿರುಕುಳದ ದೂರನ್ನು ನೋಡಿಕೊಳ್ಳುವಂತಿಲ್ಲ. ಅದಕ್ಕೆ 2013ರ ಕಾಯ್ದೆಯಿದೆ. ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಆಂತರಿಕ ಸಮಿತಿ ಕಡ್ಡಾಯ: ಅಧ್ಯಕ್ಷತೆ ಹಿರಿಯ ಮಹಿಳಾ ನೌಕರರದ್ದು, ನೌಕರರಿಂದ ಕನಿಷ್ಠ ಇಬ್ಬರು, ಹೊರಗಿನ ಒಬ್ಬ ಸದಸ್ಯರು, ಒಟ್ಟಾರೆ ಅರ್ಧದಷ್ಟಾದರೂ ಮಹಿಳೆಯರು. ಸಮಿತಿ ಮಾಡದಿದ್ದರೆ 50,000 ರೂಪಾಯಿವರೆಗೆ ದಂಡ. ಘಟನೆಯಾಗಿ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು, ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು, ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಹತ್ತಕ್ಕಿಂತ ಕಡಿಮೆ ಜನ ಇದ್ದರೆ, ಅಥವಾ ದೂರು ಮಾಲಕರ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಸಮಿತಿಯ ಸದಸ್ಯರ ಹೆಸರು, ಫೋನ್ ನಂಬರ್ ಕರಾರಿನ ಹಾಳೆಯ ಕೆಳಗೇ ಅಚ್ಚಾಗಿರಲಿ.

ನಿಯಮ ಮುರಿದವರಿಗೆ ಏನು ಮಾಡಬೇಕು?

ಮೊದಲ ಸಲ ಮಾತು, ಅದೇ ದಿನ ಅಥವಾ ಮರುದಿನ, ನೋಡಿದವರೇ ಹೇಳಬೇಕು. ತಿಂಗಳ ಕೊನೆಗೆ ಕೂಡಿಟ್ಟು ಹೇಳಿದರೆ ಅದು ಹಳೇ ಸೇಡು ತೀರಿಸಿದಂತೆ ಕೇಳುತ್ತದೆ. ಮಾತಿನಲ್ಲಿ ಮೂರು ಇರಲಿ: ಏನು ಕಂಡಿತು, ಅದರಿಂದ ಏನಾಯಿತು, ಮುಂದೆ ಏನಾಗಬೇಕು. ಹೀಗೆ: ‘ಅಣ್ಣಾ, ಎರಡ ನಿಮಿಷ ಈ ಕಡೆ ಬರ್ರಿ. ಮುಂಜಾನೆ ಡ್ರೈವರ್ ಮುಂದ ಆ ಹುಡುಗಗ ನೀವು ಜೋರ ಮಾಡಿದ್ರಿ. ಆಮ್ಯಾಲೆ ಅವ ಲೆಕ್ಕದಾಗ ಎರಡ ಬಾಕ್ಸ್ ಬಿಟ್ಟ. ಇನ್ನೊಮ್ಮಿ ಹಂಗಾದ್ರ ಅವನ್ನ ಪಕ್ಕಕ್ಕ ಕರದು ಹೇಳ್ರಿ.’ ‘ನೀವು ಯಾವಾಗಲೂ ಹೀಗೇ’ ಅನ್ನಬಾರದು. ಅಂದ ತಕ್ಷಣ ವಾದ ‘ಯಾವಾಗಲೂ’ ಎಂಬುದರ ಮೇಲೆ ಹೋಗುತ್ತದೆ.

ಎರಡನೇ ಸಲ ಸುಪರ್‌ವೈಸರ್ ಕೂತು ಮಾತಾಡಿ, ತಾರೀಖು ಹಾಕಿ ರಿಜಿಸ್ಟರಿನಲ್ಲಿ ಎರಡು ಸಾಲು ಬರೆಯಬೇಕು, ಇಬ್ಬರೂ ಸಹಿ ಮಾಡಬೇಕು. ಮೂರನೆಯದು ಲಿಖಿತ ನೋಟಿಸ್. ಅಲ್ಲಿಂದ ಮುಂದೆ ಕೆಲಸದಿಂದ ತೆಗೆಯುವ ಮಾತು ಬಂದರೆ ಆರೋಪ ಪತ್ರ, ಉತ್ತರಿಸಲು ಸಮಯ, ವಿಚಾರಣೆ ಇವಿಲ್ಲದೆ ಹೆಜ್ಜೆ ಇಡಬೇಡಿ. ಲೇಬರ್ ಕೋರ್ಟಿನಲ್ಲಿ ನಿಮ್ಮ ಎಂಟು ನಿಯಮದ ಹಾಳೆ ಒಂದೇ ನಿಲ್ಲುವುದಿಲ್ಲ. ಹೊಡೆದಾಟ, ಕಳವು, ಕುಡಿದು ಮಷಿನ್ ಮುಟ್ಟುವುದು, ಸೇಫ್ಟಿ ಗಾರ್ಡ್ ಬಿಚ್ಚುವುದು, ಇವಕ್ಕೆ ಮೊದಲ ಎರಡು ಹಂತ ಇಲ್ಲ.

ಗುಟ್ಕಾ ಉಗುಳು?

ಪ್ರತ್ಯೇಕ ಸಾಲೇ ಬರೆಯಿರಿ. ಮೆಟ್ಟಿಲ ಮೂಲೆಗೆ ದೇವರ ಫೋಟೋದ ಟೈಲ್ಸ್ ಹಚ್ಚುವುದರಿಂದ ಉಗುಳುವವರು ಪಕ್ಕದ ಮೂಲೆಗೆ ಹೋಗುತ್ತಾರೆ, ಅಷ್ಟೇ. ಒಳಗೆ ತರುವಂತಿಲ್ಲ ಅಂತ ಗೇಟಿನಲ್ಲೇ ಡಬ್ಬಿ ಇಡಿ. ಆಫೀಸಿನವರೂ ಅದರಲ್ಲಿ ಹಾಕಿಯೇ ಒಳಗೆ ಬರಬೇಕು.

ಹಮಾಲರು, ಗುತ್ತಿಗೆಯವರು, ಬಿಹಾರ-ಒಡಿಶಾದಿಂದ ಬಂದ ಹುಡುಗರು?

ಒಂದೇ ಮಾಡಿನ ಕೆಳಗೆ ದುಡಿಯುವವರಿಗೆಲ್ಲ ಒಂದೇ ಕರಾರು. ಹಿಂದಿಯಲ್ಲೂ ಒಂದು ಹಾಳೆ ಮಾಡಿ, ಸೇರಿದ ದಿನ ಓದಿ ಹೇಳಿ, 30ನೇ ದಿನ ‘ಇದರಲ್ಲಿ ಯಾವುದು ಇಲ್ಲಿ ನಡೆಯುತ್ತಿಲ್ಲ?’ ಅಂತ ಕೇಳಿ. ಅಮರಗೋಳ, ಬ್ಯಾಡಗಿಯ ಮಾರುಕಟ್ಟೆಯಲ್ಲಿ ಹಮಾಲರು ನಿಮ್ಮ ನೌಕರರಲ್ಲ ನಿಜ, ಆದರೆ ನಿಮ್ಮ ಗುಮಾಸ್ತರು ಅವರ ಜೊತೆ ಹೇಗೆ ಮಾತಾಡಬೇಕು ಎಂಬುದು ನಿಮ್ಮ ಕೈಯಲ್ಲೇ ಇದೆ.

ಕರಾರು ನಡೆಯುತ್ತಿದೆ ಅಂತ ಗೊತ್ತಾಗುವುದು ಹೇಗೆ?

ಮೊದಲ ಮೂರು ತಿಂಗಳು ದೂರುಗಳು ಹೆಚ್ಚುತ್ತವೆ. ಗಾಬರಿಯಾಗಿ ಕರಾರು ಬಿಟ್ಟುಬಿಡುವ ಮಾಲಕರು ಇಲ್ಲೇ ಸಿಗುತ್ತಾರೆ. ಮೊದಲು ಒಳಗೇ ಇಟ್ಟುಕೊಳ್ಳುತ್ತಿದ್ದದ್ದು ಈಗ ಹೊರಗೆ ಬರುತ್ತಿದೆ, ಅದು ಒಳ್ಳೆಯ ಲಕ್ಷಣ. ನೋಡಬೇಕಾದದ್ದು: ಸೇರಿ 90 ದಿನದೊಳಗೆ ಬಿಟ್ಟವರು, ಹೇಳದೆ ಗೈರಾದವರು, ಸುಪರ್‌ವೈಸರ್ ಮಟ್ಟದಲ್ಲೇ ಮುಗಿದ ದೂರುಗಳು. ಈ ಮೂರನ್ನು ತಿಂಗಳಿಗೊಮ್ಮೆ ಬರೆದಿಡಿ. ಸೋಮವಾರ ಪಾಳಿ ಶುರುವಾಗುವಾಗ ಹತ್ತು ನಿಮಿಷ, ಒಂದೇ ಒಂದು ನಿಯಮದ ಬಗ್ಗೆ, ಹಿಂದಿನ ವಾರ ಅದು ಎಲ್ಲಿ ನಡೆಯಿತು, ಎಲ್ಲಿ ತಪ್ಪಿತು ಅಂತ ಮಾತಾಡಿ. ಆರು ತಿಂಗಳಿಗೊಮ್ಮೆ ಹಾಳೆ ತಿದ್ದಿ. ಯಾರೂ ಮುರಿಯದ ನಿಯಮ ತೆಗೆದುಹಾಕಬಹುದು, ಎಲ್ಲರೂ ಮುರಿಯುವ ನಿಯಮವನ್ನು ಬೇರೆ ರೀತಿ ಬರೆಯಬೇಕು.

ಖರ್ಚೆಷ್ಟು?

ನಲವತ್ತು ಜನಕ್ಕೆ ಲೆಕ್ಕ: ಮೊದಲ ಸುತ್ತಿನ 45 ನಿಮಿಷ ಅಂದರೆ 30 ತಾಸು, ಕರಡು ಓದಿ ಹೇಳುವ ಅರ್ಧ ತಾಸಿಗೆ 20 ತಾಸು, ಐದು ಜನರ ತಂಡಕ್ಕೆ ನಾಲ್ಕು ತಾಸಿನಂತೆ 20 ತಾಸು. ಒಟ್ಟು 70 ತಾಸು. ತಾಸಿಗೆ 75 ರೂಪಾಯಿ ಹಿಡಿದರೆ 5,250. ಪ್ರಿಂಟು, ಪೆನ್ನು, ಕಾಗದ ಸೇರಿಸಿಕೊಳ್ಳಿ. ಸಭೆಗೆ ಗಿರ್ಮಿಟ್, ಮಿರ್ಚಿ ತರಿಸಿದರೆ ಅದರ ಲೆಕ್ಕ ಬೇರೆ.